ಕುದುರೆಮುಖದ ಗಣಿ ಮತ್ತು ವನ್ಯಜೀವಿ: ಆರಂಭದ ಶಿಲ್ಕಿಲ್ಲದ ಒಂದು ಲೆಕ್ಕ

ಲೆಕ್ಕಪುಸ್ತಕದ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕನ್ನು ಬರೆಯುವುದು ವಾಡಿಕೆ. ಅದಿಲ್ಲದೆ ವರ್ಷಾಂತ್ಯದಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂದು ಹೇಳಲಾಗದು. ಕುದುರೆಮುಖದ ಕಬ್ಬಿಣದ ಗಣಿಯಿಂದ ಅಲ್ಲಿಯ ವನ್ಯಜೀವಿಗಳಿಗೆ ಒದಗಿದ ಹಾನಿಯನ್ನು ಅಳೆಯಹೊರಟವನಿಗೆ ಎದುರಾಗುವ ಮೊದಲ ತೊಡಕು ಇದೇ. ಅದುರಿನ ಎಣಿಕೆಯಾದಷ್ಟು ವಿವರವಾಗಿ ಜೀವಿಗಳ ಎಣಿಕೆ ಆಗಿರಲಿಲ್ಲ.

ಈ ಬೆಟ್ಟಗಳಲ್ಲಿ ಅಯಸ್ಕಾಂತೀಯ ಅದುರು ಇರುವುದನ್ನು ೧೯೧೩ರಲ್ಲಿ ಗುರುತಿಸಿದವರು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು. ಗಣಿಯ ಗುತ್ತಿಗೆ ದೊರೆತದ್ದು ೧೯೬೯ರಲ್ಲಿ, ಮೂವತ್ತು ವರ್ಷಗಳ ಅವಧಿಗೆ. ೧೯೭೫ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. ಮರುವರ್ಷ ಸರ್ಕಾರಿ ಕಂಪನಿ ಸ್ಥಾಪನೆಗೊಂಡಿತು. ೧೯೭೯ರ ಇರಾನ್ ಕ್ರಾಂತಿಯಿಂದ ಆ ದೇಶದ ಸಾಲವೂ ಗಿರಾಕಿಯೂ ಕೈತಪ್ಪಿದರೂ ೧೯೮೦ರಲ್ಲಿ ಉತ್ಪಾದನೆ ಆರಂಭವಾಯಿತು. ಅದುರು ಕೆಳದರ್ಜೆಯದು. ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಸಾಗಿಸುತ್ತಿದ್ದರು. ಉಳಿದ ಹೂಳು ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ ಶೇಖರವಾಯಿತು. ಒಂದು ಕಣಿವೆಯೇ ಅದರಡಿ ಮುಳುಗಿತು.

ವನ್ಯಜೀವಿ ಸಂರಕ್ಷಣೆಯ ಶಾಸನ ಬಂದದ್ದು ೧೯೭೨ರಲ್ಲಿ, ಅರಣ್ಯ ಸಂರಕ್ಷಣೆಯದು ೧೯೮೦ರಲ್ಲಿ. ದೊಡ್ಡ ಯೋಜನೆಗಳು ಪರಿಸರದ ಮೇಲೆ ಬೀರುವ ಪರಿಣಾಮವನ್ನು ಮುಂಚಿತವಾಗಿ ಪರಿಶೀಲಿಸಬೇಕೆಂಬ ಕಡ್ಡಾಯ ಅಧಿಸೂಚನೆ ೧೯೯೪ರದು. ೧೯೬೯ರ ಗುತ್ತಿಗೆ ಈ ಮೂರಕ್ಕಿಂತಲೂ ಹಿರಿಯದು. ಕೇಳುವ ಕಾನೂನೇ ಇಲ್ಲದಿದ್ದಾಗ ಉತ್ತರ ಬರೆದಿಡುವವರು ಯಾರು? ಎಂಬತ್ತರ ದಶಕದಲ್ಲಿ ಉಲ್ಲಾಸ ಕಾರಂತರು ಕರ್ನಾಟಕದ ಮಳೆಗಾಡುಗಳಲ್ಲಿ ಸಿಂಗಳೀಕದ ಸ್ಥಿತಿಗತಿಯನ್ನು ಸಮೀಕ್ಷಿಸಿದರು. ೧೯೮೭ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಘೋಷಣೆ ಹೊರಟಿತು. ಎಣಿಕೆ ಮೊದಲಾಗುವ ಹೊತ್ತಿಗೆ ಗಣಿ ಕೆಲಸ ನಡೆದೇ ಇತ್ತು.

ಹಾಗಾದರೆ ನಷ್ಟವನ್ನು ತಿಳಿಯುವ ಬಗೆ ಯಾವುದು? ಜೀವಿಗಳ ನೆಲೆಗೆ ಏನಾಯಿತೆಂಬುದನ್ನು ನೋಡಬೇಕು. ಸಿಂಗಳೀಕ ಮರದಿಂದ ಮರಕ್ಕೆ ಸಾಗುವ ಪ್ರಾಣಿ. ನೆಲಕ್ಕೆ ಇಳಿಯುವುದು ವಿರಳ. ಕೊಂಬೆಗಳ ಚಪ್ಪರ ಎಲ್ಲಿ ತುಂಡಾಯಿತೋ ಅಲ್ಲಿ ಅದರ ನಾಡೂ ತುಂಡಾಯಿತು. ಇನ್ನು ಭದ್ರೆಯ ವಿಷಯ. ಅತಿವೃಷ್ಟಿಯ ಈ ಪ್ರದೇಶದಲ್ಲಿ ಅಗೆದ ನೆಲದ ಮಣ್ಣು ಮಳೆಗಾಲದಲ್ಲಿ ನದಿಗಿಳಿಯುತ್ತದೆ. ಜಲಾನಯನದ ಅಲ್ಪಭಾಗವಷ್ಟೇ ಆದ ಗಣಿಪ್ರದೇಶ, ತನ್ನ ವಿಸ್ತಾರವನ್ನು ಬಹುವಾಗಿ ಮೀರಿದ ಪ್ರಮಾಣದಲ್ಲಿ ಹೂಳನ್ನು ಸೇರಿಸಿತೆಂದು ವಿಜ್ಞಾನಿಗಳ ಅಳತೆಗಳು ತೋರಿಸಿವೆ. ಹೂಳು ಕುಳಿತಲ್ಲಿ ಬೆಣಚುಕಲ್ಲುಗಳ ಸಂದು ಮುಚ್ಚುತ್ತದೆ. ಆ ಸಂದುಗಳಲ್ಲೇ ಎಷ್ಟೋ ಮೀನುಗಳ ಮೊಟ್ಟೆಯೂ ಜಲಕೀಟಗಳ ಮರಿಯೂ ಇರುವುದು.

ಭೂಮಿಯ ಪುನರುದ್ಧಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಗಿಡ ನೆಟ್ಟರೆ ನೆಲ ಹಸಿರಾಗುವುದು ನಿಜ. ಆದರೆ ಕುದುರೆಮುಖದ ಮೇಲ್ಭಾಗ ಮೂಲತಃ ಹುಲ್ಲುಗಾವಲು. ಕಾಡು ಅಲ್ಲಿ ಬೆಟ್ಟದ ಮಡಿಲುಗಳಲ್ಲಿ ಮಾತ್ರ ಶೋಲೆಯಾಗಿ ಬೆಳೆಯುತ್ತದೆ. ಕಡವೆ, ಕಾಟಿಗಳು ಹುಲ್ಲಿನಲ್ಲಿ ಮೇದು ಶೋಲೆಯ ಮರೆಗೆ ಸರಿಯುತ್ತವೆ; ಹುಲಿ ಅವುಗಳ ಜಾಡು ಹಿಡಿಯುತ್ತದೆ. ಇಂಥ ನೆಲವನ್ನು ಬರಡೆಂದು ಭಾವಿಸಿ ಹೊರದೇಶದ ಅಕೇಶಿಯಾ ನೆಟ್ಟರೆ ಮರಗಳ ಸಂಖ್ಯೆ ಹೆಚ್ಚುತ್ತದೆ, ಮೇವು ಕುಗ್ಗುತ್ತದೆ. ವರದಿಯ ಜಮೆಯ ಬದಿಯಲ್ಲಿ ಕಾಣುವುದು ಬೆಟ್ಟದ ಪುಸ್ತಕದಲ್ಲಿ ಖರ್ಚಾಗಿ ಬೀಳುವುದು ಹೀಗೆ.

ಗುತ್ತಿಗೆ ೧೯೯೯ರಲ್ಲಿ ಮುಗಿದರೂ ಗಣಿ ನಿಲ್ಲಲಿಲ್ಲ. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು ತಂದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ೨೦೦೨ರ ಅಕ್ಟೋಬರ್ ೩೦ರಂದು ತೀರ್ಪಿತ್ತಿತು. ೨೦೦೫ರ ಕೊನೆಗೆ ಗಣಿ ಮುಚ್ಚಿತು. ಅದನ್ನೇ ನಂಬಿದ್ದ ಕುಟುಂಬಗಳು ಊರು ಬಿಟ್ಟದ್ದೂ ಈ ಲೆಕ್ಕದಲ್ಲಿ ಸೇರತಕ್ಕ ನಷ್ಟವೇ. ಅದನ್ನು ಮರೆಯುವುದು ನ್ಯಾಯವಲ್ಲ.

ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಮುಂದೆ ಕೃಷ್ಣೆಯೊಡನೆ ನೆರೆನಾಡುಗಳಿಗೆ ಹರಿಯುತ್ತಾಳೆ. ಆದುದರಿಂದ ಇದು ಒಂದು ಬೆಟ್ಟದ ವಿಚಾರವೆಂದು ಹೊರನಾಡಿನ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಳೆದುಹೋದ ಆರಂಭದ ಶಿಲ್ಕನ್ನು ಈಗ ಯಾರೂ ಬರೆಯಲಾರರು. ಆದರೆ ಗಣಿ ನಿಂತ ನೆಲದಲ್ಲಿ ಹುಲ್ಲು, ಕಪ್ಪೆ, ಮೀನು, ಹಕ್ಕಿಗಳನ್ನು ವರ್ಷವರ್ಷವೂ ಎಣಿಸಿಡುವುದು ಸಾಧ್ಯ. ಮುಂದೊಂದು ಬೆಟ್ಟಕ್ಕೆ ಗುದ್ದಲಿ ತಾಗುವ ಮುನ್ನ ಆ ಪುಸ್ತಕದ ಮೊದಲ ಸಾಲು ಬರೆದಿರಬೇಕು. ಕುದುರೆಮುಖ ನಮಗೆ ಕಲಿಸಿರುವ ಪಾಠ ಇಷ್ಟು.