ಕಡಿದ ಕಬ್ಬು ಕಾಯಲ್ಲ

ಎಲೆಕ್ಟ್ರಾನಿಕ್ ಸಿಟಿಯ ನನ್ನ ಆಫೀಸಿನಲ್ಲಿ ದಿನವಿಡೀ ಸರ್ವರ್ ವೇಗದ ಗ್ರಾಫ್ ನೋಡೋದೇ ಕೆಲಸ. ಸಿಸ್ಟಂ ನಿಲ್ಲಿಸುವಂತಿಲ್ಲ, ಓಡುತ್ತಿರುವಾಗಲೇ ಅಳೆಯಬೇಕು. ರಸಾಯನಶಾಸ್ತ್ರದಲ್ಲಿ ಇದನ್ನು 1850ರಲ್ಲೇ ಮಾಡಿ ತೋರಿಸಿದವನು ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ. ಅವನು ಅಳೆದದ್ದು ನಮ್ಮ ಮಂಡ್ಯದವರ ವಸ್ತುವನ್ನೇ: ಸಕ್ಕರೆ.

ಸಕ್ಕರೆ ನೀರಿಗೆ ಆಮ್ಲ ಬೆರೆಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಬರಿಗಣ್ಣಿಗೆ ಏನೂ ಕಾಣಲ್ಲ. ಆದರೆ ಧ್ರುವೀಕೃತ ಬೆಳಕು ಹಾಯಿಸಿದರೆ, ಮೊದಲು ಅದನ್ನು ಬಲಕ್ಕೆ ತಿರುಗಿಸುತ್ತಿದ್ದ ದ್ರಾವಣ ಬರಬರುತ್ತಾ ಎಡಕ್ಕೆ ತಿರುಗಿಸುತ್ತೆ. ವಿಲ್ಹೆಲ್ಮಿ ಆ ಕೋನವನ್ನೂ ಹೊತ್ತನ್ನೂ ಬರೆದುಕೊಳ್ಳುತ್ತಾ ಹೋದ. ಒಡೆಯುವ ವೇಗ ಆ ಕ್ಷಣ ಉಳಿದಿರುವ ಸಕ್ಕರೆಗೆ ತಕ್ಕಷ್ಟು ಅಂತ ಗೊತ್ತಾಯ್ತು. ಸಕ್ಕರೆ ಎರಡರಷ್ಟಾದರೆ ವೇಗವೂ ಎರಡರಷ್ಟು: ಇದು ಫಸ್ಟ್ ಆರ್ಡರ್. ವೇಗ ನಾಲ್ಕರಷ್ಟಾಗಿದ್ದರೆ ಸೆಕೆಂಡ್ ಆರ್ಡರ್ ಆಗ್ತಿತ್ತು. ಆರ್ಡರ್ ಅನ್ನೋದು ಸಮೀಕರಣ ನೋಡಿ ಹೇಳೋದಲ್ಲ, ಅಳೆದೇ ತಿಳಿಯಬೇಕು. ಈ ಕ್ರಿಯೆಯಲ್ಲಿ ನೀರೂ ಖರ್ಚಾಗುತ್ತೆ, ಆದರೆ ಅದು ಎಷ್ಟೊಂದು ಇದೆಯೆಂದರೆ ಕಡಿಮೆಯಾದದ್ದು ಲೆಕ್ಕಕ್ಕೇ ಬರಲ್ಲ.

ಅವನ ಲೇಖನ ಬಹುಕಾಲ ಮೂಲೆಯಲ್ಲೇ ಉಳಿಯಿತು. 1864ರಲ್ಲಿ ಅವನು ತೀರಿಕೊಂಡ ಮೇಲೆ, ಓಸ್ಟ್‌ವಾಲ್ಡ್ ಅದರ ಬೆಲೆ ಏನೆಂದು ಜಗತ್ತಿಗೆ ಹೇಳಿದ. 1889ರಲ್ಲಿ ಅರೇನಿಯಸ್, ಬಿಸಿ ಹೆಚ್ಚಾದರೆ ವೇಗ ಹೇಗೆ ಏರುತ್ತೆ ಅಂತ ವಿವರಿಸಿದ್ದೂ ಇದೇ ಸಕ್ಕರೆ ಒಡೆಯುವ ಕ್ರಿಯೆಯಿಂದಲೇ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ಆಳು ಸಿಗದೆ ನಮ್ಮ ಕಡಿದ ಕಬ್ಬು ಮೂರು ದಿನ ಬಿಸಿಲಲ್ಲಿ ಬಿದ್ದಿತ್ತು. "ಕಡ್ದ ಕಬ್ಬು ಕಾಯಾಕಿಲ್ಲ ಕಣ್ಲಾ" ಅಂತ ಅಪ್ಪ ಒದ್ದಾಡಿದ್ದೇ ಒದ್ದಾಡಿದ್ದು. ಕಬ್ಬಿನೊಳಗಿನ ಕಿಣ್ವ, ಹೊರಗಿನ ಸೂಕ್ಷ್ಮಜೀವಿ ಸೇರಿ ಸುಕ್ರೋಸ್ ಒಡೆಯುತ್ತಿದ್ದವು. ಬಿಸಿಲು ಅದಕ್ಕೆ ವೇಗ ಕೊಡುತ್ತಿತ್ತು. ಆಲೆಮನೆಯಲ್ಲಿ ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚು ಕಟ್ಟಲಿಲ್ಲ. ಅಮ್ಮನ ಸರ ಅಡವಿಗೆ ಹೋಯ್ತು.

ಅದೇ ವರ್ಷ ಪರೀಕ್ಷೆಯಲ್ಲಿ ಸುಕ್ರೋಸಿನ ಪ್ರಶ್ನೆಗೆ ಪುಟ ತುಂಬ ಉತ್ತರ ಬರೆದು ಬಂದೆ. ಅದು ನಮ್ಮನೆ ಕಬ್ಬಿನ ಕಥೆ ಅಂತ ಮಾತ್ರ ಹೊಳೆಯಲೇ ಇಲ್ಲ.

ಮೊನ್ನೆ ಊರಿಗೆ ಹೋದಾಗ ಅಪ್ಪ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕ್ತಿದ್ರು. ಹಾಲಿನ ಹುಳಿ ಸುಣ್ಣಕ್ಕೆ ತಗ್ಗುತ್ತೆ, ಹುಳಿ ತಗ್ಗಿದರೆ ಸಕ್ಕರೆ ಒಡೆಯೋದು ನಿಧಾನವಾಗುತ್ತೆ. ಎಷ್ಟು ಹಾಕ್ಬೇಕಪ್ಪ ಅಂತ ಕೇಳಿದೆ.

"ನೋಡ್ಕಂಡು ಹಾಕ್ಬೇಕು ಕಣ್ಲಾ" ಅಂದ್ರು.