ಚುಚ್ಚೋದಾ, ಅಪ್ಪೋದಾ? ಒಂದು ಮೇವಿನ ಉರುಳೆಯ ಇತಿಹಾಸ

ಒಂದು ತೂತು ಅರ್ಧ ಟನ್ ಮೇವನ್ನ ಹಾಳು ಮಾಡಬಹುದು. ಹೇಗೆ ಅಂತ ಇವತ್ತು ನೋಡೋಣ.

1971. ಅಮೆರಿಕದ ಅಯೋವಾ ರಾಜ್ಯದ ಗ್ಯಾರಿ ವರ್ಮೀರ್, ಒಣಹುಲ್ಲನ್ನ ದೊಡ್ಡ ಉರುಳೆಯಾಗಿ ಸುತ್ತೋ ಬೇಲರ್ ತಂದ್ರು. ಒಬ್ಬನೇ ರೈತ ಹೊಲದ ಹುಲ್ಲೆಲ್ಲಾ ಕಟ್ಟಬಹುದು. ಆದರೆ ಆ ಬೇಲ್ ಎತ್ತೋದು ಯಾರು?

ಉತ್ತರ ಟ್ರ್ಯಾಕ್ಟರ್ ಹಿಂದೆಯೇ ಇತ್ತು. ಹ್ಯಾರಿ ಫರ್ಗ್ಯುಸನ್ ಅವರ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟ್ 1936ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಅದಕ್ಕೊಂದು ಉದ್ದನೆ ಕಬ್ಬಿಣದ ಮುಳ್ಳು ಸಿಕ್ಕಿಸಿ, ಚುಚ್ಚಿ, ಎತ್ತಿದ್ರೆ ಮುಗೀತು. ಒಣಹುಲ್ಲಿಗೆ ತೂತಾದ್ರೆ ಏನೂ ನಷ್ಟ ಇಲ್ಲ.

1980ರ ದಶಕದಲ್ಲಿ ಆಟ ಬದಲಾಯ್ತು. ಮಳೆ ಬಿಡದ ಐರ್ಲೆಂಡ್, ಬ್ರಿಟನ್‌ನಂಥ ಕಡೆ ಹುಲ್ಲು ಪೂರ್ತಿ ಒಣಗಲ್ಲ. ಹಾಗಾಗಿ ಹಸಿ ಬೇಲ್‌ಗೇ ಪ್ಲಾಸ್ಟಿಕ್ ಸುತ್ತೋಕೆ ಶುರು ಮಾಡಿದ್ರು. ಗಾಳಿ ಇಲ್ಲದ ಒಳಗೆ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತೆ, ಹಾಲು ಹೆಪ್ಪಾಗೋ ಹಾಗೆ. ಹುಲ್ಲು ಹುಳಿಯಾಗಿ ತಿಂಗಳುಗಟ್ಟಲೆ ಉಳಿಯುತ್ತೆ. ಅದೇ ಸೈಲೇಜ್, ನಮ್ಮ ರಸಮೇವು.

ಈಗ ಅದೇ ಮುಳ್ಳು ಶತ್ರು. ತೂತಿನಿಂದ ಗಾಳಿ ಹೋದ್ರೆ ಬೂಷ್ಟು. ಅಲ್ಲಿ ಲಿಸ್ಟೀರಿಯಾ ಬೆಳೆದ್ರೆ ದನ, ಕುರಿಗೆ ಪ್ರಾಣಾಪಾಯ. ಅದಕ್ಕೇ ಚುಚ್ಚದೆ, ಎರಡು ನುಣುಪಾದ ತೋಳಿನಿಂದ ಅಪ್ಪಿ ಎತ್ತೋ ಹಿಡಿಕೆ ಬಂತು.

ಹಾಗಾದ್ರೆ ಆಯ್ಕೆ ಹೇಗೆ? ಸುತ್ತೋ ಮೊದಲು, ಇಲ್ಲಾ ಇವತ್ತೇ ತಿನ್ನಿಸೋ ಬೇಲ್ ಆದ್ರೆ ಮುಳ್ಳು ಸಾಕು. ಸುತ್ತಿ ಕೂಡಿಡೋದಾದ್ರೆ ಅಪ್ಪೋ ಹಿಡಿಕೆನೇ ಬೇಕು. ಟ್ರ್ಯಾಕ್ಟರ್‌ಗೆ ಆ ತೂಕ ಎತ್ತೋ ತಾಕತ್ತಿದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಹಸಿ ಬೇಲ್ ಒಣಹುಲ್ಲಿಗಿಂತ ತುಂಬಾ ಭಾರ.

ಬಿ.ಕಾಂ ಓದಿದವನ ಲೆಕ್ಕ ಇಷ್ಟೇ: ಮುಳ್ಳು ಅಗ್ಗ, ಆದರೆ ಅದರ ಬಿಲ್ ಬರೋದು ಬೇಲ್ ಬಿಚ್ಚಿದ ದಿನ.