ಹೊಗೆ ಬದಲು ನೀರು ಬಿಡುವ ಹೈಡ್ರೋಜನ್ ಬಸ್: ಓಡೋದು ಹೇಗೆ, ಖರ್ಚೆಷ್ಟು?

2023ರ ಸೆಪ್ಟೆಂಬರ್ 25ರಂದು ದೆಹಲಿಯಲ್ಲಿ ಹೈಡ್ರೋಜನ್ ಬಸ್‌ಗಳಿಗೆ ಹಸಿರು ನಿಶಾನೆ ಸಿಕ್ಕಿತು. ಇಂಡಿಯನ್ ಆಯಿಲ್‌ಗಾಗಿ ಟಾಟಾ ಮೋಟಾರ್ಸ್ ತಯಾರಿಸಿದ ಬಸ್‌ಗಳಿವು. ಇವುಗಳಿಂದ ಹೊಗೆ ಬರಲ್ಲ, ಬರೋದು ನೀರು, ಆವಿ ಮಾತ್ರ. ಹಾಗಾದ್ರೆ ಎಲ್ಲ ನಗರಗಳೂ ಇದನ್ನೇ ಯಾಕೆ ತರಿಸುತ್ತಿಲ್ಲ?

ಹೇಗೆ ಓಡುತ್ತೆ?

ಇದೂ ಒಂದು ರೀತಿ ಎಲೆಕ್ಟ್ರಿಕ್ ಬಸ್ಸೇ. ಚಕ್ರ ತಿರುಗಿಸೋದು ಮೋಟಾರ್. ಆದರೆ ಅದಕ್ಕೆ ಬೇಕಾದ ಕರೆಂಟ್ ಬಸ್ಸಿನೊಳಗೇ ತಯಾರಾಗುತ್ತೆ. ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ 350 ಬಾರ್ ಒತ್ತಡದಲ್ಲಿ, ಅಂದ್ರೆ ಬಸ್ ಟೈರಿನ ಗಾಳಿಗಿಂತ ಸುಮಾರು 40 ಪಟ್ಟು ಒತ್ತಡದಲ್ಲಿ, ಹೈಡ್ರೋಜನ್ ತುಂಬಿರುತ್ತಾರೆ. ಫ್ಯೂಯೆಲ್ ಸೆಲ್‌ನಲ್ಲಿ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಕರೆಂಟ್, ಶಾಖ, ನೀರು ಉಂಟಾಗುತ್ತೆ.

ಲಾಭ ಏನು?

ಗಂಟೆಗಟ್ಟಲೆ ಚಾರ್ಜ್ ಮಾಡೋದು ಬೇಡ, ನಿಮಿಷಗಳಲ್ಲಿ ಗ್ಯಾಸ್ ತುಂಬಬಹುದು. ಭಾರದ ಬ್ಯಾಟರಿಯೂ ಬೇಡ. ದೂರದ ರೂಟ್‌ಗೆ ಇದು ಅನುಕೂಲ.

ತೊಡಕು ಎಲ್ಲಿ?

ನೀರಿನಿಂದ 1 ಕೆಜಿ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗೂ ಹೆಚ್ಚು ಕರೆಂಟ್ ಬೇಕು. ಅದನ್ನು ಬಸ್ಸಿಗೆ ತುಂಬಿದರೆ ಮೋಟಾರ್‌ಗೆ ವಾಪಸ್ ಸಿಗೋದು ಅದರ ಸುಮಾರು ಮೂರನೇ ಒಂದು ಪಾಲು. ಅದೇ ಕರೆಂಟನ್ನು ನೇರವಾಗಿ ಬ್ಯಾಟರಿಗೆ ಹಾಕಿದರೆ ನಷ್ಟ ತುಂಬಾ ಕಡಿಮೆ. ಇನ್ನು, ಜಗತ್ತಿನಲ್ಲಿ ಇವತ್ತು ತಯಾರಾಗುವ ಹೈಡ್ರೋಜನ್‌ನಲ್ಲಿ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರೋದು. ಅಂದ್ರೆ ಬಸ್ಸಿನಲ್ಲಿ ಇಲ್ಲದ ಹೊಗೆ ಫ್ಯಾಕ್ಟರಿಯಲ್ಲಿರುತ್ತೆ.

ಫ್ರಾನ್ಸ್‌ನ ಮೊಂಪೆಲಿಯೆ ನಗರ 51 ಹೈಡ್ರೋಜನ್ ಬಸ್ ತರಿಸಲು ಹೊರಟಿತ್ತು. ಲೆಕ್ಕ ಹಾಕಿದಾಗ ಇಂಧನ ಖರ್ಚು ಕಿಲೋಮೀಟರ್‌ಗೆ 95 ಸೆಂಟ್ ಬಂತು, ಬ್ಯಾಟರಿ ಬಸ್ಸಿಗೆ 15 ಸೆಂಟ್ ಮಾತ್ರ. ಆರು ಪಟ್ಟಿಗೂ ಹೆಚ್ಚು! 2022ರ ಜನವರಿಯಲ್ಲಿ ಯೋಜನೆ ಕೈಬಿಟ್ಟರು.

ನಮ್ಮ ದೇಶದಲ್ಲಿ?

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ 37 ಬಸ್, ಲಾರಿಗಳು ಮತ್ತು 9 ಇಂಧನ ಕೇಂದ್ರಗಳ ಪ್ರಯೋಗ ಮಂಜೂರಾಯಿತು. ಪಟ್ಟಿಯಲ್ಲಿ ಪಕ್ಕದ ಕೇರಳದ ತಿರುವನಂತಪುರ–ಕೊಚ್ಚಿ ಮಾರ್ಗ ಇದೆ, ಕರ್ನಾಟಕದ್ದು ಇಲ್ಲ. ಬೆಂಗಳೂರಿನ ಬಿಎಂಟಿಸಿಯಲ್ಲಿ ಬ್ಯಾಟರಿ ಬಸ್‌ಗಳೂ ಓಡುತ್ತಿವೆ.

ಮುಂದೊಂದು ದಿನ ನಮ್ಮ ಬಸ್ ಸ್ಟ್ಯಾಂಡಿಗೂ ಹೈಡ್ರೋಜನ್ ಬಸ್ ಬಂದರೆ ಎರಡು ಪ್ರಶ್ನೆ ಕೇಳಲೇಬೇಕು: ಗ್ಯಾಸ್ ಯಾವುದರಿಂದ ಮಾಡಿದ್ದು? ಕಿಲೋಮೀಟರ್‌ಗೆ ಎಷ್ಟು ಬೀಳುತ್ತೆ? ಯಾಕಂದ್ರೆ ಆ ಖರ್ಚು ಕೊನೆಗೆ ಬರೋದು ಟಿಕೆಟ್ ಮೇಲೆ, ಇಲ್ಲಾ ತೆರಿಗೆ ಮೇಲೆ.